ಮುದ್ದೆ ಎಷ್ಟು ಮೆತ್ತಗೆ? ಹೈಡ್ರೋಜೆಲ್‌ಗಳ ಬಿಗಿತ ಅಳೆಯುವ ಬಗೆ



ಮನೆಯಲ್ಲಿ ರಾಗಿಮುದ್ದೆ ತಿರುವುವವರನ್ನು ಒಮ್ಮೆ ಗಮನಿಸಿ ನೋಡಿ. ಕೋಲಿನಲ್ಲಿ ತಿರುವಿ ತಿರುವಿ, ಕೊನೆಗೆ ಕೈಯನ್ನು ನೀರಿಗೆ ಅದ್ದಿ ಮುದ್ದೆಯನ್ನು ಮೆಲ್ಲಗೆ ಮುಟ್ಟುತ್ತಾರೆ. ಬೆರಳಿಗೆ ಅಂಟಿದರೆ ಇನ್ನೂ ಬೇಯಬೇಕು. ಒತ್ತಿದರೆ ಹದವಾಗಿ ತಗ್ಗಿ ನಿಂತರೆ ಇಳಿಸಬಹುದು. ಈ ಪರೀಕ್ಷೆಗೆ ಅಳತೆ ಇಲ್ಲ, ಕೈಯೇ ಅಳತೆ. ಆದರೂ ವರ್ಷಗಟ್ಟಲೆ ತಪ್ಪುವುದಿಲ್ಲ.

ಕಳೆದ ವರ್ಷ 8ನೇ ತರಗತಿಯಲ್ಲಿ ಬಲ ಮತ್ತು ಒತ್ತಡದ ಪಾಠ ನಡೆಯುತ್ತಿತ್ತು. ಕಬ್ಬಿಣ ಗಟ್ಟಿ, ರಬ್ಬರ್ ಮೆತ್ತಗೆ ಅಂತ ನಾನು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಮೆತ್ತಗೆ ಅಂದ್ರೆ ಎಷ್ಟು ಮೆತ್ತಗೆ? ತೂಕಕ್ಕೆ ಕೆಜಿ ಇದೆ, ಉದ್ದಕ್ಕೆ ಮೀಟರ್ ಇದೆ. ಮೆತ್ತಗೆ ಇರೋದಕ್ಕೆ ಏನಿದೆ?" ನನ್ನ ಹತ್ತಿರ ಆಗ ಉತ್ತರ ಸಿದ್ಧ ಇರಲಿಲ್ಲ. "ಅದು ಮುಂದಿನ ಕ್ಲಾಸಲ್ಲಿ ಬರುತ್ತೆ, ಕೂತ್ಕೊಳಮ್ಮ" ಅಂದುಬಿಟ್ಟೆ. ನೀವೂ ಯಾವಾಗಲಾದರೂ ಹೀಗೆ ಅಂದಿರುತ್ತೀರಿ. ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಈ ಲೇಖನ.

ಗಟ್ಟಿ ಎಂಬ ಒಂದೇ ಮಾತು

ರಾಯದುರ್ಗದಲ್ಲಾಗಲಿ, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ನಮ್ಮ ಮಡಕಶಿರಾದಲ್ಲಾಗಲಿ, ಮಕ್ಕಳ ಬಾಯಲ್ಲಿ ಎರಡು ಭಾಷೆ ಒಟ್ಟಿಗೇ ಓಡಾಡುತ್ತವೆ. "ಗಟ್ಟಿ" ಎನ್ನುವ ಮಾತು ಎರಡರಲ್ಲೂ ಇದೆ. ಮೊಸರು ಗಟ್ಟಿ, ಗೋಡೆ ಗಟ್ಟಿ, ದನಿ ಗಟ್ಟಿ, ಹುಡುಗ ಗಟ್ಟಿ. ಮಾತಿಗೆ ಇಷ್ಟು ಸಾಕು, ವಿಜ್ಞಾನಕ್ಕೆ ಸಾಲದು. ಒತ್ತಿದಾಗ ಎಷ್ಟು ಎದುರು ನಿಲ್ಲುತ್ತದೆ ಎನ್ನುವುದು ಒಂದು ಗುಣ. ಎಷ್ಟು ಒತ್ತಿದರೆ ಒಡೆಯುತ್ತದೆ ಎನ್ನುವುದು ಇನ್ನೊಂದು. ಉಗುರಿನಿಂದ ಗೀಚಿದರೆ ಗೆರೆ ಬೀಳುತ್ತದೆಯೇ ಎನ್ನುವುದು ಮತ್ತೊಂದು. ಹಪ್ಪಳ ಬಗ್ಗುವುದಿಲ್ಲ, ಆದರೆ ಬೇಗ ಮುರಿಯುತ್ತದೆ. ರಬ್ಬರ್ ಬೇಗ ಬಗ್ಗುತ್ತದೆ, ಮುರಿಯುವುದಿಲ್ಲ. ಮೊದಲನೆಯ ಗುಣವನ್ನು ನಾವಿಲ್ಲಿ "ಬಿಗಿತ" ಅನ್ನೋಣ. ಹುಡುಗಿ ಕೇಳಿದ್ದು ಅದನ್ನೇ.

ಬಿಗಿತಕ್ಕೂ ಏಕಮಾನ ಇದೆ, ಪ್ಯಾಸ್ಕಲ್. ಒಂದು ಚದರ ಮೀಟರಿನ ಮೇಲೆ ಎಷ್ಟು ನ್ಯೂಟನ್ ಬಲ ಹಾಕಿದೆವು ಎನ್ನುವುದನ್ನು, ವಸ್ತು ತನ್ನ ಎತ್ತರದ ಎಷ್ಟನೇ ಪಾಲು ಕುಗ್ಗಿತು ಎನ್ನುವುದರಿಂದ ಭಾಗಿಸಿದರೆ ಸಿಗುವುದೇ ಯಂಗ್ ಗುಣಾಂಕ. ಉಕ್ಕಿಗೆ ಅದು ಸುಮಾರು 200 ಗಿಗಾಪ್ಯಾಸ್ಕಲ್, ಅಂದರೆ 2ರ ಮುಂದೆ ಹನ್ನೊಂದು ಸೊನ್ನೆ. ನಮ್ಮ ಮಿದುಳಿಗೆ ಸುಮಾರು ಒಂದು ಕಿಲೋಪ್ಯಾಸ್ಕಲ್ ಅಥವಾ ಅದಕ್ಕೂ ಕಡಿಮೆ. ಎರಡೂ ಒಂದೇ ಅಳತೆಗೋಲಿನ ಮೇಲೆ ಕೂರುತ್ತವೆ ಅಂದರೆ ಮಕ್ಕಳಿಗೆ ಆಶ್ಚರ್ಯ ಆಗದೆ ಇರುತ್ತದೆಯೇ?

ನೀರೇ ಹೆಚ್ಚು, ಆದರೂ ಹರಿಯದು

ಹೈಡ್ರೋಜೆಲ್ ಅಂದರೆ ನೀರನ್ನು ಹಿಡಿದು ಕೂತ ಬಲೆ. ಉದ್ದುದ್ದ ಅಣುಗಳು, ಅಂದರೆ ಪಾಲಿಮರ್ ಸರಪಳಿಗಳು, ಅಲ್ಲಲ್ಲಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ನಡುವಿನ ಜಾಗದಲ್ಲೆಲ್ಲ ನೀರು. ಕೆಲವು ಜೆಲ್‌ಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇದ್ದರೂ ತಟ್ಟೆಯಲ್ಲಿ ಇಟ್ಟರೆ ಹರಿಯದೆ ನಿಲ್ಲುತ್ತವೆ. ತಾಟಿನುಂಗು, ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತಲಿನ ಲೋಳೆ, ಹೆಪ್ಪುಗಟ್ಟಿದ ಮೊಸರು, ಮಕ್ಕಳ ಡೈಪರಿನಲ್ಲಿ ಉಬ್ಬುವ ಪುಡಿ, ಇವೆಲ್ಲ ಇದೇ ಬಳಗ. ನಮ್ಮ ಮುದ್ದೆಯೂ ಒಂದು ಬಗೆಯಲ್ಲಿ ನೆಂಟನೇ.

ಹಗ್ಗದ ಮಂಚ ಕಟ್ಟುವುದನ್ನು ನೋಡಿದ್ದೀರಲ್ಲ? ಹಗ್ಗವನ್ನು ಸುಮ್ಮನೆ ರಾಶಿ ಹಾಕಿದರೆ ಅದರ ಮೇಲೆ ಮಲಗಲಾಗದು. ಅಡ್ಡ ಉದ್ದ ಹೆಣೆದು ಕಟ್ಟು ಹಾಕಿದರೆ ಅದೇ ಹಗ್ಗ ಮನುಷ್ಯನನ್ನು ಹೊರುತ್ತದೆ. ಹೆಣಿಗೆ ಹತ್ತಿರ ಹತ್ತಿರ ಇದ್ದರೆ ಮಂಚ ಜೋಲುವುದಿಲ್ಲ, ದೂರ ದೂರ ಇದ್ದರೆ ನಡು ಕುಸಿಯುತ್ತದೆ. ಜೆಲ್‌ನ ಅಡ್ಡಕೊಂಡಿಗಳೂ ಹಾಗೇ. ಕೊಂಡಿಗಳ ಸಂಖ್ಯೆ ಹೆಚ್ಚಿಸಿದರೆ ಬಿಗಿತ ಹೆಚ್ಚುತ್ತದೆ, ಹೀರುವ ನೀರು ಕಡಿಮೆಯಾಗುತ್ತದೆ.

ಕೊಂಡಿಗಳಲ್ಲಿ ಎರಡು ಜಾತಿ. ಒಂದು, ಬಿಸಿ ಮಾಡಿದರೆ ಬಿಚ್ಚಿಕೊಳ್ಳುವಂಥದ್ದು. ಜೆಲಾಟಿನ್ ಇಂಥದ್ದು, ಅದು 30–35 ಡಿಗ್ರಿಗೇ ಕರಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯದುರ್ಗದಲ್ಲಿ ಫ್ರಿಜ್ ಇಲ್ಲದೆ ಅದು ಗಟ್ಟಿಯೇ ಆಗದು. ದೇಹದ ಉಷ್ಣತೆ 37 ಡಿಗ್ರಿ. ಹಾಗಾದರೆ ಜೆಲಾಟಿನ್‌ನಿಂದ ಗಾಯಕ್ಕೆ ಪಟ್ಟಿಯನ್ನೋ ಹೊಸ ಅಂಗಾಂಶ ಬೆಳೆಸುವ ಹಂದರವನ್ನೋ ಮಾಡಿದರೆ ಗತಿ ಏನು? ಕರಗಿಹೋಗುತ್ತದೆ. ಅದಕ್ಕಾಗಿಯೇ ಎರಡನೇ ಜಾತಿಯ ಕೊಂಡಿ ಬೇಕು. ಸರಪಳಿಗಳ ನಡುವೆ ರಾಸಾಯನಿಕ ಬಂಧವನ್ನೇ ಹಾಕಿಬಿಡುವುದು. ಅದು ಬರೀ ಬಿಸಿಗೆ ಬಿಚ್ಚುವುದಿಲ್ಲ.

ಮಡಕಶಿರಾ, ಹಿಂದೂಪುರದ ಕಡೆಯ ರೇಷ್ಮೆಗೂಡಿನಿಂದಲೂ ಜೆಲ್ ಮಾಡಬಹುದು. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟಾದ ಸೆರಿಸಿನ್ ತೆಗೆದು, ಉಳಿದ ಫೈಬ್ರಾಯಿನ್ ಎಂಬ ಪ್ರೋಟೀನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಆಮೇಲೆ ಲವಣವನ್ನು ತೊಳೆದು ತೆಗೆಯುತ್ತಾರೆ. ಉಳಿದ ದ್ರಾವಣದಲ್ಲಿ ಪ್ರೋಟೀನಿನ ಎಳೆಗಳು ಹಾಳೆಯಂತೆ ಒಂದರ ಮೇಲೊಂದು ಕೂತು ತಾವೇ ಕೊಂಡಿಯಾಗುತ್ತವೆ. ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಈ ಜೆಲ್ ಮೇಲೆ ಕೆಲಸ ನಡೆದಿದೆ. ಗೂಡು ಬಿಡಿಸುವ ಮನೆಯ ಮಗುವಿಗೆ ಇದನ್ನು ಹೇಳಿ, ಅದರ ಮುಖ ನೋಡಿ.

ಅಡುಗೆಮನೆಯಲ್ಲಿ ಹುಟ್ಟಿದ ಲೆನ್ಸ್

ವೈದ್ಯಕೀಯ ಹೈಡ್ರೋಜೆಲ್‌ಗಳ ಕತೆ ಶುರುವಾಗುವುದು ಪ್ರಾಗ್ ನಗರದಲ್ಲಿ. ಒಟ್ಟೋ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ಎಂಬ ಇಬ್ಬರು 1960ರಲ್ಲಿ, ದೇಹದಲ್ಲಿ ಬಳಸಲು ತಕ್ಕ ಜೆಲ್‌ಗಳ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ತಮ್ಮ ಮನೆಯಲ್ಲೇ ಮಕ್ಕಳ ಆಟದ ಜೋಡಣೆ ಸೆಟ್ ಮತ್ತು ಸೈಕಲ್ ಡೈನಮೋ ಸೇರಿಸಿ ಒಂದು ಯಂತ್ರ ಕಟ್ಟಿದರು. ತಿರುಗುವ ಅಚ್ಚಿನಲ್ಲಿ ಜೆಲ್ ಹೊಯ್ದು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ತೆಗೆದರು. "ನಮ್ಮ ಶಾಲೇಲಿ ಲ್ಯಾಬ್ ಇಲ್ಲ ಸಾರ್" ಅನ್ನುವ ನಮಗೆಲ್ಲ ಈ ಸೈಕಲ್ ಡೈನಮೋ ನೆನಪಿರಬೇಕು.

ಆ ಬಗೆಯ ಲೆನ್ಸಿನ ಬಿಗಿತ ಸುಮಾರು 0.3ರಿಂದ 0.5 ಮೆಗಾಪ್ಯಾಸ್ಕಲ್. ಮುಂದೆ ಆಮ್ಲಜನಕ ಚೆನ್ನಾಗಿ ಹಾಯುವ ಸಿಲಿಕೋನ್ ಸೇರಿಸಿದ ಲೆನ್ಸ್‌ಗಳು ಬಂದವು. ಅವುಗಳಲ್ಲಿ ಮೊದಮೊದಲಿನವು ಒಂದು ಮೆಗಾಪ್ಯಾಸ್ಕಲ್ ದಾಟಿ ಬಿಗಿಯಾಗಿದ್ದವು. ಉಸಿರಾಟಕ್ಕೆ ಒಳ್ಳೆಯದಾದರೂ ಕೆಲವರ ಕಣ್ಣಿಗೆ ಒತ್ತಿದವು. ಬರೀ ಎರಡು ಮೂರು ಪಟ್ಟು ವ್ಯತ್ಯಾಸ, ಆದರೆ ಕಣ್ಣಿಗೆ ಅದು ತಿಳಿಯುತ್ತದೆ.

ಕಣ್ಣಿಗಿಂತ ಸೂಕ್ಷ್ಮವಾಗಿ ಇದನ್ನು ತಿಳಿಯುವುದು ಜೀವಕೋಶ. 2006ರಲ್ಲಿ ಸೆಲ್ ಪತ್ರಿಕೆಯಲ್ಲಿ ಎಂಗ್ಲರ್, ಡಿಷರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಮೂಳೆಮಜ್ಜೆಯ ಕಾಂಡಕೋಶಗಳನ್ನು ಒಂದೇ ರಾಸಾಯನಿಕದ, ಬೇರೆ ಬೇರೆ ಬಿಗಿತದ ಜೆಲ್‌ಗಳ ಮೇಲೆ ಬೆಳೆಸಿದರು. 0.1ರಿಂದ 1 ಕಿಲೋಪ್ಯಾಸ್ಕಲ್‌ನ ಮೆತ್ತನೆಯ ಜೆಲ್ ಮೇಲೆ ಅವು ನರಕೋಶದ ದಾರಿ ಹಿಡಿದವು. 8ರಿಂದ 17ರ ಮೇಲೆ ಸ್ನಾಯುವಿನ ದಾರಿ. 25ರಿಂದ 40ರ ಮೇಲೆ ಮೂಳೆಯ ದಾರಿ. ಕೊಟ್ಟ ಆಹಾರ ಒಂದೇ, ಕಾಲ ಕೆಳಗಿನ ನೆಲ ಮಾತ್ರ ಬೇರೆ. ಹಾಗಾದರೆ ಸ್ನಾಯು ಬೆಳೆಸಲು ಮಾಡಿದ ಜೆಲ್ 12 ಅಂತ ಬರೆದು ನಿಜವಾಗಿ 30 ಇದ್ದರೆ? ಆ ಕೋಶಗಳು ದಾರಿ ತಪ್ಪುತ್ತವೆ. ಹಿಂದೆ ಇರುವುದು ಒಬ್ಬ ರೋಗಿ.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 2022ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಐಐಟಿ ಹೈದರಾಬಾದ್ ಮತ್ತು ಸಿಸಿಎಂಬಿ ಸಂಶೋಧಕರು ಮನುಷ್ಯರ ಕಾರ್ನಿಯಾದಿಂದಲೇ ಪಡೆದ ವಸ್ತುವಿನ ಹೈಡ್ರೋಜೆಲ್ ಬಳಸಿ ಕಾರ್ನಿಯಾವನ್ನು 3ಡಿ ಮುದ್ರಿಸಿ ಮೊಲದ ಕಣ್ಣಿಗೆ ಕಸಿ ಮಾಡಿದ್ದಾಗಿ ತಿಳಿಸಿದರು. ಇಂಥ ಜೆಲ್ ಸೂಜಿಯಿಂದ ಹರಿದು ಬರುವಷ್ಟು ಮೆತ್ತಗಿರಬೇಕು, ಬಂದ ಮೇಲೆ ಆಕಾರ ಬಿಡದಷ್ಟು ಬಿಗಿಯಾಗಬೇಕು. ಮುದ್ದೆಯ ಹದವೇ, ಕೈಯ ಬದಲು ಅಂಕಿಯಲ್ಲಿ.

ಮೂರು ಕಲ್ಲಿನ ಒಲೆ, ಒಂದು ತಟ್ಟೆ

ಈಗ ನೀವೇ ಅಳೆಯಿರಿ. ಪ್ರಯೋಗಾಲಯದ ಅಕ್ರಿಲಮೈಡ್ ನಮಗೆ ಬೇಡವೇ ಬೇಡ, ಆ ಪುಡಿ ನರಗಳಿಗೆ ವಿಷ. ಅಂಗಡಿಯಲ್ಲಿ "ಚೈನಾ ಗ್ರಾಸ್" ಅಂತ ಸಿಗುವ ಅಗರ್ ಸಾಕು. ಅದು ಕಡಲಪಾಚಿಯದು. ಇದರ ಕೊಂಡಿಗಳು ರಾಸಾಯನಿಕ ಬಂಧಗಳಲ್ಲ, ಎಳೆಗಳು ಹುರಿಗೊಂಡು ಕಂತೆಯಾಗುವುದರಿಂದ ಆದವು. ಆದರೂ ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿವರೆಗೆ ಕರಗುವುದಿಲ್ಲ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು.

ಒಂದು ಲೀಟರ್ ನೀರಿಗೆ 5 ಗ್ರಾಂ ಅಗರ್ ಹಾಕಿ ಪೂರ್ತಿ ಕರಗುವ ತನಕ ಕುದಿಸಿ. ಒಳವ್ಯಾಸ 40 ಮಿಲಿಮೀಟರ್ ಇರುವ ಪೈಪಿನ ಮೂರು ತುಂಡುಗಳನ್ನು ಎಣ್ಣೆ ಸವರಿದ ತಟ್ಟೆಯ ಮೇಲೆ ನಿಲ್ಲಿಸಿ, 30 ಮಿಲಿಮೀಟರ್ ಎತ್ತರಕ್ಕೆ ಹೊಯ್ಯಿರಿ. ಕುದಿಯುವ ದ್ರವ, ಹೊಯ್ಯುವ ಕೆಲಸ ನಿಮ್ಮ ಕೈಯಲ್ಲೇ ಇರಲಿ, ಮಕ್ಕಳಿಗೆ ಬೇಡ. ಆರಿದ ಮೇಲೆ ಪೈಪು ತೆಗೆದು ಮೂರು ಬಿಲ್ಲೆಗಳನ್ನು ಮೂರು ಕಲ್ಲಿನ ಒಲೆಯಂತೆ ಜೋಡಿಸಿ, ಮೇಲೆ ಹಗುರವಾದ ಸ್ಟೀಲ್ ತಟ್ಟೆ ಇಡಿ. ಒಂದೇ ಬಿಲ್ಲೆಯಾದರೆ ತಟ್ಟೆ ವಾಲುತ್ತದೆ. ಮೂರಿದ್ದರೆ ನಿಲ್ಲುತ್ತದೆ, ಮೂರರ ಸರಾಸರಿಯೂ ಸಿಗುತ್ತದೆ. ತಟ್ಟೆ ಮತ್ತು ಬಿಲ್ಲೆಯ ನಡುವೆ ಎಣ್ಣೆ ಹಚ್ಚಿ. ಇಲ್ಲದಿದ್ದರೆ ಬಿಲ್ಲೆ ಹೊರಕ್ಕೆ ಉಬ್ಬಲಾಗದೆ ಇರುವುದಕ್ಕಿಂತ ಬಿಗಿಯಾಗಿ ತೋರುತ್ತದೆ.

ತೂಕದ ಬಟ್ಟು ಬೇಕಿಲ್ಲ. ತಟ್ಟೆಯ ನಡುವೆ ಪಾತ್ರೆಯಿಟ್ಟು ಅಳತೆ ಜಾಡಿಯಿಂದ 100 ಮಿಲಿ ನೀರು ಹೊಯ್ದರೆ 100 ಗ್ರಾಂ. ತಗ್ಗುವುದು ಒಂದೆರಡು ಮಿಲಿಮೀಟರ್ ಮಾತ್ರ, ಸ್ಕೇಲಿನಲ್ಲಿ ಓದಿದರೆ ಅರ್ಧ ಮಿಲಿಮೀಟರ್ ತಪ್ಪುವುದು ಖಂಡಿತ. ಅದಕ್ಕೆ ಪೊರಕೆಕಡ್ಡಿಯ ಸನ್ನೆ ಮಾಡಿ. ಕಡ್ಡಿಗೆ ಗುಂಡುಸೂಜಿ ಚುಚ್ಚಿ ತಿರುಗುಬಿಂದು ಮಾಡಿ, ಗಿಡ್ಡ ತುದಿ ತಟ್ಟೆಯ ಅಂಚಿನ ಮೇಲೆ, ಅದರ ಹತ್ತರಷ್ಟು ಉದ್ದದ ತುದಿ ಸ್ಕೇಲಿನ ಮುಂದೆ. ತಟ್ಟೆ 2 ಮಿಲಿಮೀಟರ್ ಇಳಿದರೆ ಕಡ್ಡಿಯ ತುದಿ 20 ಏರುತ್ತದೆ. ಹೊಂದಿಕೆ ಸರಿಯಾದ ಮೇಲೆ, ತಟ್ಟೆ ಮತ್ತು ಖಾಲಿ ಪಾತ್ರೆ ಇದ್ದಾಗಿನ ಸ್ಥಾನವನ್ನು ಸೊನ್ನೆ ಅಂತ ಗುರುತಿಸಿ. 100, 200, 300 ಮಿಲಿ ಹೊಯ್ಯುತ್ತಾ, ಪ್ರತಿ ಸಲ ಒಂದೇ ನಿಮಿಷಕ್ಕೆ ಓದಿ. ನಕ್ಷೆ ಬರೆದು ಅದರ ಓರೆಯಿಂದ ಲೆಕ್ಕ ಹಾಕಿ. ಒಂದೇ ಓದನ್ನು ನಂಬಬೇಡಿ.

ಲೆಕ್ಕ ಹೀಗೆ. 300 ಗ್ರಾಂ ಅಂದರೆ 2.94 ನ್ಯೂಟನ್. ಮೂರು ಬಿಲ್ಲೆಗಳ ಒಟ್ಟು ವಿಸ್ತೀರ್ಣ 37.7 ಚದರ ಸೆಂಟಿಮೀಟರ್. ಭಾಗಿಸಿದರೆ 780 ಪ್ಯಾಸ್ಕಲ್. 30 ಮಿಲಿಮೀಟರಿನಲ್ಲಿ 2 ತಗ್ಗಿದರೆ ಕುಗ್ಗಿದ ಪಾಲು 0.067. 780ನ್ನು 0.067ರಿಂದ ಭಾಗಿಸಿದರೆ ಸುಮಾರು 12,000 ಪ್ಯಾಸ್ಕಲ್, ಅಂದರೆ 12 ಕಿಲೋಪ್ಯಾಸ್ಕಲ್. ಮೇಲೆ ಹೇಳಿದ ಸ್ನಾಯುವಿನ ಮಿತಿಯ ಒಳಗೇ ಬಂತು! ನಿಮ್ಮ ಅಗರ್ ಬೇರೆ ಅಂಗಡಿಯದಾದರೆ ನಿಮ್ಮ ಅಂಕಿಯೂ ಬೇರೆ ಬರುತ್ತದೆ. ಬರಲಿ.

ಮೂರು ಗುಂಪು, ಮೂರು ಉತ್ತರ

ನಮ್ಮ ಕ್ಲಾಸಿನಲ್ಲಿ ಮೂರು ಗುಂಪು ಮಾಡಿದೆವು. ಮೊದಲ ಗುಂಪಿಗೆ 12 ಬಂತು, ಎರಡನೆಯದಕ್ಕೆ 9, ಮೂರನೆಯದಕ್ಕೆ 21. ನಿಜ ಹೇಳಬೇಕಂದರೆ, ನನ್ನ ಮೊದಲ ಯೋಚನೆ ಏನಾಗಿತ್ತು ಗೊತ್ತೇ? ಎಲ್ಲರೂ 12 ಅಂತ ಬರೆದುಕೊಳ್ಳಲಿ. ರೆಕಾರ್ಡ್ ಪುಸ್ತಕ ಬರೆಯುವಾಗ ನಾವೆಲ್ಲ ಕಲಿತದ್ದು ಅದನ್ನೇ ಅಲ್ಲವೇ? ಉತ್ತರ ಮೊದಲು, ಓದುಗಳು ಆಮೇಲೆ. ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅದೇ ಹುಡುಗಿ ಅಂದಳು: "ನಮಗೆ 21 ಬಂದದ್ದು ನಿಜ ಸಾರ್. ಯಾಕೆ ಬಂತು ಅಂತ ನೋಡೋಣ."

ನೋಡಿದೆವು. ಎರಡನೇ ಗುಂಪು ಊಟದ ಬೆಲ್ ಹೊಡೆದದ್ದರಿಂದ ಒಂದು ನಿಮಿಷದ ಬದಲು ಕಾಲು ಗಂಟೆ ಬಿಟ್ಟು ಓದಿತ್ತು. ಅಷ್ಟರಲ್ಲಿ ತಟ್ಟೆ 2.6 ಮಿಲಿಮೀಟರ್ ಇಳಿದಿತ್ತು. ಒತ್ತಿ ಹಿಡಿದರೆ ಜೆಲ್‌ನೊಳಗಿನ ನೀರು ಮೆಲ್ಲಗೆ ಹೊರಬರುತ್ತದೆ, ಎಳೆಗಳೂ ಜರುಗುತ್ತವೆ. ಹೊತ್ತು ಬರೆಯದ ಬಿಗಿತದ ಅಂಕಿಗೆ ಅರ್ಥವಿಲ್ಲ ಎಂದು ಅಲ್ಲಿ ತಿಳಿಯಿತು. ಮೂರನೇ ಗುಂಪು ಬಿಲ್ಲೆಗಳನ್ನು ಹಿಂದಿನ ದಿನವೇ ಮಾಡಿ ಮುಚ್ಚದೆ ಇಟ್ಟಿತ್ತು. ರಾತ್ರಿಯಲ್ಲಿ ಒಣಗಿ ಎತ್ತರ 27ಕ್ಕೆ, ವ್ಯಾಸ 37ಕ್ಕೆ ಇಳಿದಿತ್ತು. ಇವರು ಮಾತ್ರ 30, 40 ಅಂತಲೇ ಲೆಕ್ಕ ಹಾಕಿದ್ದರು. ಸರಿಯಾದ ಅಳತೆ ಹಾಕಿದರೆ ಅಂಕಿ ಇಳಿಯುತ್ತದೆ ಅಂದುಕೊಂಡೆವು. ಇಳಿಯಲಿಲ್ಲ, 22ಕ್ಕೆ ಏರಿತು! ಅಂದರೆ ತಪ್ಪು ಲೆಕ್ಕದ್ದು ಮಾತ್ರ ಅಲ್ಲ. ನೀರು ಹೋಗಿ ಎಳೆಗಳು ಒತ್ತೊತ್ತಾದವು, ಜೆಲ್ ನಿಜವಾಗಿಯೂ ಬಿಗಿಯಾಗಿತ್ತು.

ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ತೊಡಕು. ದೇಹದೊಳಗೆ ಜೆಲ್ ನೀರು ಕುಡಿದು ಉಬ್ಬುತ್ತದೆ, ಉಬ್ಬಿದರೆ ಮೆತ್ತಗಾಗುತ್ತದೆ. ಹಾಗಾಗಿ ಉಪ್ಪುನೀರಿನಲ್ಲಿ ಪೂರ್ತಿ ಉಬ್ಬಿಸಿ 37 ಡಿಗ್ರಿಯಲ್ಲಿ ಅಳೆಯಬೇಕು. ಒಬ್ಬರು ಒತ್ತಿ ಅಳೆಯುತ್ತಾರೆ. ಇನ್ನೊಬ್ಬರು ರಿಯೋಮೀಟರ್ ಎಂಬ ಯಂತ್ರದಲ್ಲಿ ಎರಡು ಬಿಲ್ಲೆಗಳ ನಡುವೆ ಜೆಲ್ ಇಟ್ಟು ರಾಗಿಕಲ್ಲು ತಿರುಗಿಸಿದಂತೆ ತುಸುವೇ ಹೊರಳಿಸಿ ಅಳೆಯುತ್ತಾರೆ. ಒತ್ತಿದರೂ ಗಾತ್ರ ಬದಲಾಗದ ಜೆಲ್‌ನಲ್ಲಿ ಮೊದಲ ಅಂಕಿ ಎರಡನೆಯದರ ಮೂರು ಪಟ್ಟು. ಒಬ್ಬರು 12 ಅಂದು, ಮತ್ತೊಬ್ಬರು 4 ಅಂದರೆ ಇಬ್ಬರೂ ಸರಿಯಿರಬಹುದು. ಹೇಗೆ ಅಳೆದೆ ಅಂತ ಬರೆದಿರಬೇಕು ಅಷ್ಟೆ.

ಜೀವಕೋಶದಷ್ಟು ಚಿಕ್ಕ ಜಾಗ ಅಳೆಯಲು ಪರಮಾಣು ಬಲ ಸೂಕ್ಷ್ಮದರ್ಶಕ ಇದೆ. ತೆಳ್ಳನೆಯ ಕಡ್ಡಿಯ ತುದಿಗೆ ಕಣ್ಣಿಗೆ ಕಾಣದ ಗುಂಡು ಅಂಟಿಸಿ ಜೆಲ್ ಮೇಲೆ ಒತ್ತುತ್ತಾರೆ. ಕಡ್ಡಿ ಎಷ್ಟು ಬಾಗಿತು ಎನ್ನುವುದನ್ನು ಅದರ ಬೆನ್ನಿಂದ ಪ್ರತಿಫಲಿಸಿದ ಲೇಸರ್ ಹೇಳುತ್ತದೆ. ನಿಮ್ಮ ಪೊರಕೆಕಡ್ಡಿಯ ಸಿರಿವಂತ ತಮ್ಮ ಅದು. ಗುಂಡಿನ ಲೆಕ್ಕವನ್ನು 19ನೇ ಶತಮಾನದಲ್ಲೇ ಹರ್ಟ್ಸ್ ಹಾಕಿಟ್ಟಿದ್ದಾನೆ. ಎರಡರಷ್ಟು ಆಳ ಒತ್ತಲು ಬೇಕಾಗುವುದು ಎರಡರಷ್ಟು ಬಲ ಅಲ್ಲ, ಸುಮಾರು 2.8ರಷ್ಟು. ಯಾಕೆಂದರೆ ಆಳಕ್ಕೆ ಹೋದಂತೆ ಗುಂಡು ತಾಗುವ ಜಾಗವೂ ಹೆಚ್ಚುತ್ತದೆ. ಗೋಲಿ ಬಳಸಿ ಇದನ್ನು ನಿಮ್ಮ ಮಕ್ಕಳು ಪರೀಕ್ಷಿಸಲಿ.

ಇನ್ನೊಂದು ಸೋಜಿಗ ಹೇಳಿ ಮುಗಿಸುತ್ತೇನೆ. ಅಗರಿನ ಎಳೆಗಳು ಸೆಟೆದ ಕಂತೆಗಳು, ಅವುಗಳಿಗೆ ಈ ಲೆಕ್ಕ ಹೊಂದದು. ಆದರೆ ಬಳುಕುವ ಸರಪಳಿಗಳ ಜೆಲ್‌ನಲ್ಲಿ, ಹೊರಳಿಸಿ ಅಳೆದ ಬಿಗಿತದಿಂದ ಕೊಂಡಿ ಕೊಂಡಿಗಳ ನಡುವಿನ ದೂರವನ್ನೇ ಅಂದಾಜು ಮಾಡಬಹುದು. ಒಂದು ಕಿಲೋಪ್ಯಾಸ್ಕಲ್ ಆದರೆ ಸುಮಾರು 16 ನ್ಯಾನೋಮೀಟರ್, ಹತ್ತಾದರೆ ಏಳೂವರೆ. ಬಿಗಿತ ಹತ್ತು ಪಟ್ಟು ಹೆಚ್ಚಾದರೂ ದೂರ ಅರ್ಧದಷ್ಟಾಗುತ್ತದೆ ಅಷ್ಟೆ. ಕಣ್ಣಿಗೆ ಕಾಣದ ಬಲೆಯ ಕಣ್ಣು ಎಷ್ಟಗಲ ಎಂದು ಒತ್ತಿ ನೋಡಿಯೇ ತಿಳಿಯುವುದು!

ನಮ್ಮ ಶಾಲೆಯ ಆ ವರ್ಷದ ರೆಕಾರ್ಡ್ ಪುಸ್ತಕದಲ್ಲಿ ಮೂರೂ ಅಂಕಿಗಳು ಹಾಗೇ ಇವೆ: 12, 9, 22. ಪಕ್ಕದಲ್ಲಿ ಪ್ರತಿಯೊಂದಕ್ಕೂ ಎತ್ತರ, ವ್ಯಾಸ, ಓದಿದ ಹೊತ್ತು, ಮುಚ್ಚಿಟ್ಟಿದ್ದೆವೋ ಇಲ್ಲವೋ ಅಂತ ಮಕ್ಕಳ ಕೈಬರಹ. 21 ಅಂತ ಬರೆದು ಹೊಡೆದುಹಾಕಿದ ಗೆರೆಯೂ ಇದೆ, ಅಳಿಸಲು ಬಿಡಲಿಲ್ಲ. ಮುಂದೆ ಆ ಮಕ್ಕಳಲ್ಲಿ ಯಾರಾದರೂ ಒಬ್ಬರು ನಿಜವಾದ ಗಾಯಕ್ಕೆ, ನಿಜವಾದ ಕಣ್ಣಿಗೆ ಜೆಲ್ ಮಾಡಬಹುದು, ಮಾಡದೆಯೂ ಇರಬಹುದು. ಆದರೆ ಬಂದದ್ದನ್ನು ಬಂದಂತೆ ಬರೆಯುವುದು ಅವರಿಗೆ ಗೊತ್ತಾಗಿದೆ. ನಿಮ್ಮ ಶಾಲೆಯಲ್ಲಿ ಎಷ್ಟು ಬಂತು? ಎಷ್ಟು ನಿಮಿಷಕ್ಕೆ ಓದಿದಿರಿ ಎನ್ನುವುದನ್ನೂ ಸೇರಿಸಿ, ಮುಂದಿನ ಸಂಚಿಕೆಗೆ ಬರೆದು ಕಳಿಸಿ.